ಹತ್ತು ಸೆಕೆಂಡಿನ ಪಾಠ: ಸೇವಾ ಕಲಿಕೆ ಎಂದರೇನು, ಅದು ನಡೆಯುವುದು ಹೇಗೆ

ಶಾಲೆಯಿಂದ ಮನೆಗೆ ಒಂದು ಚೀಟಿ ಬರುತ್ತದೆ: ‘ಈ ಅವಧಿಯಲ್ಲಿ ನಿಮ್ಮ ಮಗು ಸೇವಾ ಕಲಿಕೆಯ ಯೋಜನೆಯೊಂದರಲ್ಲಿ ಭಾಗವಹಿಸಲಿದೆ. ದಯವಿಟ್ಟು ಒಪ್ಪಿಗೆಯ ಸಹಿ ಹಾಕಿ ಕಳುಹಿಸಿ.’ ಸಹಿ ಹಾಕುವ ಕೈ ಒಂದು ಕ್ಷಣ ತಡೆಯುತ್ತದೆ. ಸೇವೆ ಎಂದರೆ ಗೊತ್ತು, ಕಲಿಕೆ ಎಂದರೂ ಗೊತ್ತು. ಎರಡೂ ಸೇರಿದರೆ ಏನು? ಮಕ್ಕಳ ಕೈಯಲ್ಲಿ ಕಸ ಗುಡಿಸುವ ಕೆಲಸ ಮಾಡಿಸುತ್ತಾರೆಯೇ? ಪರೀಕ್ಷೆ ಹತ್ತಿರವಿರುವಾಗ ಗಣಿತದ ತರಗತಿಯನ್ನು ಬಿಡಿಸಿ ಇದಕ್ಕೆ ಕಳುಹಿಸುತ್ತಾರೆಯೇ? ಇದಕ್ಕೆ ಅಂಕ ಉಂಟೇ?

ಕೇಳಲೇಬೇಕಾದ ಪ್ರಶ್ನೆಗಳಿವು. ಹಲವು ದೇಶಗಳ ಶಾಲೆಗಳು ಈ ಪದ್ಧತಿಯನ್ನು ದಶಕಗಳಿಂದ ಬಳಸುತ್ತಿವೆ. ಚೆನ್ನಾಗಿ ನಡೆದ ಕಡೆ ಮಕ್ಕಳೂ ಬೆಳೆದಿದ್ದಾರೆ, ಊರಿಗೂ ಉಪಯೋಗವಾಗಿದೆ. ಹೆಸರಿಗಷ್ಟೇ ನಡೆದ ಕಡೆ ಎರಡೂ ಆಗಿಲ್ಲ. ಈ ವ್ಯತ್ಯಾಸ ಹುಟ್ಟುವುದು ಎಲ್ಲಿ ಎಂದು ತಿಳಿಯಲು ಮೊದಲಿನಿಂದ ನೋಡಬೇಕು.

ಸಸಿ ನೆಡುವ ಮೂರು ಬಗೆ

ತರಗತಿಯಲ್ಲಿ ಕಲಿಯುವ ಪಾಠವನ್ನೇ ಉಪಕರಣದಂತೆ ಹಿಡಿದು, ಸುತ್ತಲಿನ ಜನರ ನಿಜವಾದ ಅಗತ್ಯವೊಂದಕ್ಕೆ ಮಕ್ಕಳು ಕೆಲಸ ಮಾಡುವುದು. ಆ ಕೆಲಸದ ಬಗ್ಗೆ ಯೋಚಿಸುತ್ತ ಅದೇ ಪಾಠವನ್ನು ಇನ್ನಷ್ಟು ಆಳವಾಗಿ ಕಲಿಯುವುದು. ಸೇವಾ ಕಲಿಕೆ ಎಂದರೆ ಇಷ್ಟೇ. ಹೇಳಲು ಸುಲಭ. ಆದರೆ ಇದನ್ನು ಹೋಲುವ ಇನ್ನೆರಡು ಚಟುವಟಿಕೆಗಳಿದ್ದು, ಅವುಗಳೊಂದಿಗೆ ಇದು ಸದಾ ಕಲಸಿಹೋಗುತ್ತದೆ.

ಒಂದು ತರಗತಿ ಬಯಲೊಂದಕ್ಕೆ ಹೋಗಿ ನೂರು ಸಸಿ ನೆಟ್ಟು ಬರುತ್ತದೆ. ಇದು ಶ್ರಮದಾನ. ಒಳ್ಳೆಯ ಕೆಲಸ, ಆದರೆ ಯಾವ ಪಾಠಕ್ಕೂ ಇದರ ನಂಟಿಲ್ಲ.

ಇನ್ನೊಂದು ತರಗತಿ ಅದೇ ಬಯಲಿನ ಮಣ್ಣನ್ನು ಪ್ರಯೋಗಾಲಯಕ್ಕೆ ತಂದು ಆಮ್ಲೀಯವೋ ಕ್ಷಾರೀಯವೋ ಎಂದು ಪರೀಕ್ಷಿಸಿ ದಾಖಲೆ ಪುಸ್ತಕದಲ್ಲಿ ಬರೆಯುತ್ತದೆ. ಇದು ಕ್ಷೇತ್ರ ಅಧ್ಯಯನ. ಕಲಿಕೆ ಆಯಿತು, ಬಯಲು ಇದ್ದಂತೆಯೇ ಉಳಿಯಿತು.

ಮೂರನೆಯ ತರಗತಿ ಮೊದಲು ಕೇಳುವುದು, ಹೋದ ವರ್ಷ ಇಲ್ಲಿ ನೆಟ್ಟ ಸಸಿಗಳು ಒಣಗಿದ್ದು ಏಕೆ ಎಂದು. ಮಣ್ಣು ಪರೀಕ್ಷಿಸುತ್ತದೆ. ಆ ಬಯಲನ್ನು ದಿನವೂ ಬಳಸುವವರ ಬಳಿ ಕೂತು ಯಾವ ಹೊತ್ತಿಗೆ, ಯಾವ ಜಾಗದಲ್ಲಿ ನೆರಳು ಬೇಕು ಎಂದು ವಿಚಾರಿಸುತ್ತದೆ. ನೆಟ್ಟ ಕೋಲಿನ ನೆರಳನ್ನು ಗಂಟೆಗೊಮ್ಮೆ ಅಳೆದು, ಬೆಳೆದ ಮರದ ನೆರಳು ಮಧ್ಯಾಹ್ನ ಮೂರಕ್ಕೆ ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕುತ್ತದೆ. ಆಮೇಲೆ ಇಪ್ಪತ್ತೇ ಸಸಿ ನೆಟ್ಟು, ನೀರುಣಿಸುವ ಸರದಿ ಹಂಚಿಕೊಂಡು, ತಿಂಗಳಿಗೊಮ್ಮೆ ಉಳಿದವೆಷ್ಟು ಎಂದು ಎಣಿಸುತ್ತದೆ. ಇದು ಸೇವಾ ಕಲಿಕೆ. ಇಲ್ಲಿ ಗಣಿತವನ್ನೋ ವಿಜ್ಞಾನವನ್ನೋ ತೆಗೆದುಬಿಟ್ಟರೆ ಕೆಲಸವೇ ನಿಂತುಹೋಗುತ್ತದೆ. ಒಂದು ಯೋಜನೆ ಸೇವಾ ಕಲಿಕೆ ಹೌದೋ ಅಲ್ಲವೋ ಎಂದು ತಿಳಿಯಲು ನನಗೆ ಗೊತ್ತಿರುವ ಅತ್ಯಂತ ಸರಳ ಪರೀಕ್ಷೆ ಇದೇ: ಪಾಠವನ್ನು ತೆಗೆದರೂ ಕೆಲಸ ನಡೆಯುತ್ತದೆಯೇ?

ರಸ್ತೆ ದಾಟುವ ಲೆಕ್ಕ

ಈ ಪದ್ಧತಿ ಒಳಗಿನಿಂದ ಹೇಗಿರುತ್ತದೆ ಎಂದು ನೋಡಲು ಒಂದು ಶಾಲೆಯನ್ನು ಊಹಿಸಿಕೊಳ್ಳೋಣ. ಗೇಟಿನ ಎದುರಿಗೇ ರಸ್ತೆ. ಎಂಟನೇ ತರಗತಿಯ ಮಕ್ಕಳು ವೇಗ, ದೂರ, ಕಾಲದ ಲೆಕ್ಕ ಕಲಿಯುತ್ತಿದ್ದಾರೆ. ರಸ್ತೆಯ ಆಚೆ ಬದಿಯ ಮನೆಗಳಲ್ಲಿ ವಯಸ್ಸಾದವರು ಹೆಚ್ಚು. ಬಸ್ ಹಿಡಿಯಲು ಅವರು ಈಚೆ ಬರಬೇಕು. ಮಕ್ಕಳಿಗೆ ಮೊದಲು ಹೊಳೆಯುವ ಉಪಾಯ, ದಿನಕ್ಕೆ ಇಬ್ಬರಂತೆ ನಿಂತು ಕೈ ಹಿಡಿದು ದಾಟಿಸುವುದು. ಶಿಕ್ಷಕಿ ಬೇಡ ಎನ್ನುವುದಿಲ್ಲ. ‘ಮೊದಲು ಅವರನ್ನೇ ಕೇಳಿ ಬನ್ನಿ’ ಎನ್ನುತ್ತಾರೆ.

ಕೇಳಲು ಹೋದವರಿಗೆ ಕೋಲು ಹಿಡಿದ ಅಜ್ಜಿಯೊಬ್ಬರು ಹೇಳುತ್ತಾರೆ: ‘ಕೈ ಹಿಡಿಯುವುದು ಬೇಡ ಮಗೂ. ನಿಮಗೆ ರಜೆ ಇದ್ದ ದಿನ ನಾನು ಯಾರ ಕೈ ಹಿಡಿಯಲಿ? ನಾನು ದಾಟಿ ಮುಗಿಸುವವರೆಗೆ ಗಾಡಿ ಬಾರದಿದ್ದರೆ ಸಾಕು.’

ಈ ಒಂದು ಮಾತಿನಿಂದ ಯೋಜನೆಯ ದಿಕ್ಕೇ ಬದಲಾಗುತ್ತದೆ. ಬೇಕಾಗಿರುವುದು ಕೈಯಲ್ಲ, ಸಮಯ. ಸಮಯವಾದರೆ ಅಳೆಯಬಹುದು.

ಮಕ್ಕಳು ಟೇಪು ಹಿಡಿದು ಅಳೆಯುತ್ತಾರೆ: ರಸ್ತೆಯ ಅಗಲ 7 ಮೀಟರ್. ಶಾಲೆಯ ಅಂಗಳದಲ್ಲಿ ಸೀಮೆಸುಣ್ಣದಿಂದ ಅಷ್ಟೇ ಉದ್ದದ ಗೆರೆ ಎಳೆಯುತ್ತಾರೆ. ಅಜ್ಜಿ ಅದರ ಮೇಲೆ ತಮ್ಮ ಎಂದಿನ ನಡಿಗೆಯಲ್ಲಿ ನಡೆಯುತ್ತಾರೆ. ಹುಡುಗಿಯೊಬ್ಬಳು ಸ್ಟಾಪ್‌ವಾಚ್ ಹಿಡಿದು ಪಕ್ಕದಲ್ಲೇ ಸಾಗುತ್ತಾಳೆ. 10 ಸೆಕೆಂಡು. ಇನ್ನೊಂದು ಗುಂಪು ಕಾಂಪೌಂಡಿನ ಒಳಗೇ ನಿಂತು, ರಸ್ತೆ ಬದಿಯ ಎರಡು ಕಂಬಗಳ ನಡುವಿನ 50 ಮೀಟರನ್ನು ವಾಹನವೊಂದು ಎಷ್ಟು ಹೊತ್ತಿನಲ್ಲಿ ದಾಟುತ್ತದೆ ಎಂದು ನೋಡುತ್ತದೆ. 4 ಸೆಕೆಂಡು. ಅಂದರೆ ಸೆಕೆಂಡಿಗೆ 12.5 ಮೀಟರ್, ಗಂಟೆಗೆ 45 ಕಿಲೋಮೀಟರ್. ದಾಟುವ ಜಾಗದಿಂದ 80 ಮೀಟರ್ ಆಚೆ ರಸ್ತೆ ತಿರುಗುತ್ತದೆ. ಆ ತಿರುವಿನಾಚೆಯ ವಾಹನ ಕಾಣುವುದಿಲ್ಲ. 80 ಮೀಟರನ್ನು 12.5ರಿಂದ ಭಾಗಿಸಿದರೆ 6.4 ಸೆಕೆಂಡು.

10 ಮತ್ತು 6.4. ಕಪ್ಪುಹಲಗೆಯ ಮೇಲೆ ಈ ಎರಡು ಅಂಕಿಗಳು ಅಕ್ಕಪಕ್ಕ ಬಂದಾಗ ಲೆಕ್ಕ ತಾನಾಗಿಯೇ ಮಾತಾಡುತ್ತದೆ. ಅಜ್ಜಿ ಎರಡೂ ಕಡೆ ನೋಡಿ, ರಸ್ತೆ ಖಾಲಿ ಇದೆ ಎಂದು ಖಚಿತಪಡಿಸಿಕೊಂಡೇ ಕಾಲಿಟ್ಟರೂ, ಆ ಕ್ಷಣದಲ್ಲಿ ತಿರುವಿನಲ್ಲಿರುವ ವಾಹನ ವೇಗ ತಗ್ಗಿಸದೆ ಬಂದರೆ ಅದು ತಲುಪುವ ಹೊತ್ತಿಗೆ ಅವರು ಸುಮಾರು ನಾಲ್ಕೂವರೆ ಮೀಟರ್ ನಡೆದಿರುತ್ತಾರೆ. ಇನ್ನೂ ಎರಡೂವರೆ ಮೀಟರ್ ಬಾಕಿ. ‘ಎಚ್ಚರಿಕೆಯಿಂದ ರಸ್ತೆ ದಾಟಿ’ ಎಂಬ ಫಲಕವನ್ನು ಮಕ್ಕಳು ಬರೆದು ಅಂಟಿಸಿದ್ದರೆ ಅದರಿಂದ ಏನೂ ಆಗುತ್ತಿರಲಿಲ್ಲ. ಅಜ್ಜಿ ಆಗಲೇ ಎಚ್ಚರಿಕೆಯಿಂದಿದ್ದಾರೆ.

ಹಾಗಾದರೆ ಏನು ಮಾಡಬಹುದು? ವಾಹನದ ವೇಗ ಗಂಟೆಗೆ 30 ಕಿಲೋಮೀಟರಿಗೆ ಇಳಿದರೆ 80 ಮೀಟರಿಗೆ 9.6 ಸೆಕೆಂಡು ಸಿಗುತ್ತದೆ. ಇನ್ನೂ 0.4 ಸೆಕೆಂಡು ಸಾಲದು. ರಸ್ತೆಯ ನಡುವೆ ನಿಂತುಕೊಳ್ಳಲು ಸಣ್ಣ ಕಟ್ಟೆಯೊಂದಿದ್ದರೆ? ಆಗ ಒಮ್ಮೆಗೆ ದಾಟಬೇಕಾದ್ದು ಮೂರೂವರೆ ಮೀಟರಿಗಿಂತ ಕಡಿಮೆ, 5 ಸೆಕೆಂಡು ಸಾಕು, 6.4ರೊಳಗೆ ಮುಗಿಯುತ್ತದೆ. ದಾಟುವ ಜಾಗವನ್ನೇ ತಿರುವಿನಿಂದ ಇನ್ನಷ್ಟು ದೂರ ಸರಿಸಿದರೆ? ಎಷ್ಟು ದೂರ? ಈಗ ಸಮೀಕರಣ ಬೇಕಾಯಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳುತ್ತಾನೆ: ‘ನಾವು ಅಳೆದಿದ್ದು ಒಂದೇ ಗಾಡಿಯನ್ನಲ್ಲವೇ?’ ನೂರು ವಾಹನಗಳನ್ನು ಅಳೆಯುತ್ತಾರೆ. ಆಗ ಹೊಸ ಪ್ರಶ್ನೆ: ಸರಾಸರಿ ವೇಗವನ್ನು ಲೆಕ್ಕಕ್ಕೆ ಹಿಡಿಯಬೇಕೇ, ಅತಿ ವೇಗದ ವಾಹನವನ್ನೇ? ಸರಾಸರಿ ಎಂಬ ಪದದ ಮಿತಿಯನ್ನು ಪಠ್ಯಪುಸ್ತಕ ಹತ್ತು ಪುಟಗಳಲ್ಲಿ ಹೇಳಿದರೂ ಇಷ್ಟು ಚೆನ್ನಾಗಿ ಮನದಟ್ಟಾಗುವುದು ಕಷ್ಟ.

ಮುಂದಿನದು ಭಾಷೆ ಮತ್ತು ಪೌರನೀತಿಯ ಪಾಠ. ಈ ರಸ್ತೆ ಯಾರ ಸುಪರ್ದಿಯಲ್ಲಿದೆ? ಮನವಿ ಯಾರಿಗೆ ಬರೆಯಬೇಕು? ಅಂಕಿ ಅಂಶವನ್ನು ಒಂದೇ ಪುಟದಲ್ಲಿ, ಓದುವ ಅಧಿಕಾರಿಗೆ ಅರ್ಥವಾಗುವಂತೆ ಹೇಗೆ ಜೋಡಿಸಬೇಕು? ಮನವಿಯನ್ನು ಮಕ್ಕಳು ಒಬ್ಬರೇ ಕೊಡದೆ, ರಸ್ತೆಯಾಚೆಯ ಹಿರಿಯರೊಂದಿಗೆ ಹೋಗಿ ಕೊಡುತ್ತಾರೆ.

ಏನಾಯಿತು, ಅದರಿಂದೇನು, ಮುಂದೇನು

ಇಷ್ಟರಲ್ಲಿ ಸೇವೆಯೂ ಪಾಠವೂ ಬಂದವು. ಎರಡನ್ನು ಹೊಲಿಯುವ ದಾರವೇ ಮನನ. ನೋಡಿದ್ದನ್ನು, ಮಾಡಿದ್ದನ್ನು ಮನಸ್ಸಿನಲ್ಲಿ ಮಥಿಸುವುದು. ಶಿಕ್ಷಕರು ಇದಕ್ಕಾಗಿ ಬಳಸುವ ಮೂರು ಪ್ರಶ್ನೆಗಳು ಬಹಳ ಪ್ರಸಿದ್ಧ. ಅಮೆರಿಕದ ಶಿಕ್ಷಣತಜ್ಞ ಟೆರ್ರಿ ಬೋರ್ಟನ್ 1970ರಲ್ಲಿ ಇವನ್ನು ಮುಂದಿಟ್ಟರು. ಏನಾಯಿತು? ಅದರಿಂದೇನು? ಮುಂದೇನು?

ನಮ್ಮ ಕಲ್ಪನೆಯ ತರಗತಿಯ ಹುಡುಗಿ, ಸ್ಟಾಪ್‌ವಾಚ್ ಹಿಡಿದವಳು, ದಿನಚರಿಯಲ್ಲಿ ಮೊದಲ ದಿನ ಬರೆದಿದ್ದು: ‘ಅಜ್ಜಿ ತುಂಬ ನಿಧಾನ, ಆದ್ದರಿಂದ ಅಪಾಯ.’ ಎರಡು ವಾರದ ನಂತರ ಅದೇ ಸಾಲನ್ನು ಹೊಡೆದುಹಾಕಿ ಕೆಳಗೆ ಬರೆಯುತ್ತಾಳೆ: ‘ಗಾಡಿಗಳು ತುಂಬ ವೇಗ, ಆದ್ದರಿಂದ ಅಪಾಯ.’ ಅಂಕಿಗಳು ಬದಲಾಗಿಲ್ಲ, 10 ಮತ್ತು 6.4 ಹಾಗೆಯೇ ಇವೆ. ಬದಲಾಗಿದ್ದು ತೊಂದರೆ ಯಾರಲ್ಲಿದೆ ಎಂದು ನೋಡುವ ಕಣ್ಣು. ಈ ಒಂದು ತಿದ್ದುಪಡಿ ಆಗಬೇಕಾದರೆ ಕೂತು ಬರೆಯಲು, ಇನ್ನೊಬ್ಬರೊಂದಿಗೆ ವಾದಿಸಲು ಬಿಡುವು ಕೊಡಬೇಕು. ವೇಳಾಪಟ್ಟಿಯಲ್ಲಿ ಮೊದಲು ಕತ್ತರಿ ಬೀಳುವುದೂ ಈ ಬಿಡುವಿಗೇ. ಹೊರಗಿನ ಕೆಲಸ ಮುಗಿಯಿತು, ಫೋಟೊ ಬಂತು, ಮನನಕ್ಕೆ ಸಮಯವಿಲ್ಲ. ಹಾಗಾದಾಗ ಕೈಗೆ ಸಿಗುವುದು ಬರೀ ಶ್ರಮದಾನ.

ಈ ವಿಚಾರ ಬಂದ ದಾರಿ

ಅನುಭವದಿಂದ ಕಲಿಯಬೇಕು ಎನ್ನುವುದು ಹೊಸ ಮಾತಲ್ಲ. ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ 20ನೇ ಶತಮಾನದ ಮೊದಲಾರ್ಧದಲ್ಲಿ ಇದನ್ನು ಶಿಕ್ಷಣದ ಕೇಂದ್ರಕ್ಕೆ ತಂದರು. ಅದರ ಜೊತೆಗೇ ಅವರು 1938ರಲ್ಲಿ ಇನ್ನೊಂದು ಎಚ್ಚರಿಕೆ ಕೊಟ್ಟರು: ಅನುಭವಗಳೆಲ್ಲವೂ ಸಮನಾಗಿ ಕಲಿಸುವುದಿಲ್ಲ. ಕೆಲವು ಅನುಭವಗಳು ತಪ್ಪು ಪಾಠವನ್ನೂ ಕಲಿಸುತ್ತವೆ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್ ಸಹ ಕೈಕೆಲಸದ ಮೂಲಕವೇ ಇತರ ವಿಷಯಗಳನ್ನು ಕಲಿಸಬೇಕು ಎಂದಿತ್ತು.

‘ಸೇವಾ ಕಲಿಕೆ’ ಎಂಬ ಅರ್ಥದ ಇಂಗ್ಲಿಷ್ ಪದ ಬಳಕೆಗೆ ಬಂದದ್ದು 1960ರ ದಶಕದ ಉತ್ತರಾರ್ಧದಲ್ಲಿ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ವಿದ್ಯಾರ್ಥಿಗಳನ್ನು ಸಮುದಾಯದ ಕೆಲಸಗಳಿಗೆ ಜೋಡಿಸುತ್ತಿದ್ದ ರಾಬರ್ಟ್ ಸಿಗ್ಮನ್ ಮತ್ತು ವಿಲಿಯಂ ರ‍್ಯಾಮ್ಸಿ ಇದನ್ನು ಬಳಸಿದವರಲ್ಲಿ ಮೊದಲಿಗರು. ಸಿಗ್ಮನ್ 1979ರಲ್ಲಿ ಮೂರು ತತ್ತ್ವಗಳನ್ನು ಬರೆದಿಟ್ಟರು. ಯಾವ ಸೇವೆ ಬೇಕು ಎಂಬುದರ ಹಿಡಿತ ಸೇವೆ ಪಡೆಯುವವರ ಕೈಯಲ್ಲಿರಬೇಕು. ಸೇವೆ ಪಡೆದವರು ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳಲು, ಇತರರಿಗೂ ನೆರವಾಗಲು ಇನ್ನಷ್ಟು ಶಕ್ತರಾಗಬೇಕು. ಸೇವೆ ಮಾಡುವವರೂ ಕಲಿಯುವವರೇ. ತಾವು ಏನು ಕಲಿಯಬೇಕು ಎಂಬುದರಲ್ಲಿ ಅವರ ಮಾತೂ ನಡೆಯಬೇಕು. ಅಜ್ಜಿಯ ಮಾತನ್ನು ಮತ್ತೊಮ್ಮೆ ನೆನೆಸಿಕೊಳ್ಳಿ. ಮಕ್ಕಳು ಕೈ ಹಿಡಿದು ದಾಟಿಸಿದ್ದರೆ ಎರಡನೆಯ ತತ್ತ್ವ ಅಲ್ಲೇ ಮುರಿದುಬೀಳುತ್ತಿತ್ತು. ಅಜ್ಜಿ ಶಾಲೆಯ ವೇಳಾಪಟ್ಟಿಗೆ ಕಟ್ಟುಬೀಳುತ್ತಿದ್ದರು.

ನಂತರ ಸರ್ಕಾರಗಳು ಇದನ್ನು ಕೈಗೆತ್ತಿಕೊಂಡವು. ಅಮೆರಿಕದ ಮೇರಿಲ್ಯಾಂಡ್ ರಾಜ್ಯ 1992ರಲ್ಲಿ ಪ್ರೌಢಶಾಲೆ ಮುಗಿಸಲು ಸೇವಾ ಕಲಿಕೆ ಕಡ್ಡಾಯ ಎಂದು ನಿರ್ಧರಿಸಿತು. ಅಲ್ಲಿ 75 ಗಂಟೆಗಳು, ಇಲ್ಲವೇ ಜಿಲ್ಲೆಗಳೇ ರೂಪಿಸಿ ಒಪ್ಪಿಗೆ ಪಡೆದ ಕಾರ್ಯಕ್ರಮ. ಸಿಂಗಪುರ 1997ರಲ್ಲಿ ಶುರುಮಾಡಿದ ಸಮುದಾಯ ಸೇವಾ ಕಾರ್ಯಕ್ರಮವನ್ನು 2012ರಲ್ಲಿ ಬದಲಿಸಿ, ಗಂಟೆಗಳ ಎಣಿಕೆಗಿಂತ ಮಕ್ಕಳು ಏನು ಕಲಿತರು ಎಂಬುದಕ್ಕೆ ಒತ್ತು ಕೊಟ್ಟಿತು. ಅರ್ಜೆಂಟೀನಾದಲ್ಲಿ 2000ದಲ್ಲಿ ಇಂಥ ಕೆಲಸ ಮಾಡುವ ಶಾಲೆಗಳಿಗೆ ರಾಷ್ಟ್ರಾಧ್ಯಕ್ಷರ ಹೆಸರಿನ ಪ್ರಶಸ್ತಿ ಶುರುವಾಯಿತು.

ಮಕ್ಕಳ ಮನಸ್ಸು ಏಕೆ ತೊಡಗುತ್ತದೆ

‘ಇದನ್ನು ಕಲಿತು ಏನು ಪ್ರಯೋಜನ?’ ಎಂಬ ಪ್ರಶ್ನೆಗೆ ತರಗತಿಯಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ‘ಮುಂದೆ ಬೇಕಾಗುತ್ತದೆ’. ಹದಿಮೂರರ ವಯಸ್ಸಿಗೆ ಆ ‘ಮುಂದೆ’ ಬಹಳ ದೂರ. ಸೇವಾ ಕಲಿಕೆಯಲ್ಲಿ ಉತ್ತರ ಈ ವಾರವೇ ಸಿಗುತ್ತದೆ. ಭಾಗಾಕಾರ ತಪ್ಪಿದರೆ ಮನವಿ ಪತ್ರದಲ್ಲಿ ತಪ್ಪು ಅಂಕಿ ಹೋಗುತ್ತದೆ. ನೋಟ್‌ಬುಕ್ಕಿನ ಲೆಕ್ಕವನ್ನು ನೋಡುವವರು ಶಿಕ್ಷಕರೊಬ್ಬರೇ. ಈ ಲೆಕ್ಕವನ್ನು ಅಜ್ಜಿ ನೋಡುತ್ತಾರೆ, ಅಧಿಕಾರಿ ನೋಡುತ್ತಾರೆ. ಆಗ ಎರಡು ಬಾರಿ ಸರಿನೋಡಿ ಎಂದು ಯಾರೂ ಹೇಳಬೇಕಿಲ್ಲ.

ಇನ್ನೊಂದು ಸಂಗತಿ ನನಗೆ ಮುಖ್ಯವೆನಿಸುತ್ತದೆ. ಪರೀಕ್ಷೆಯಲ್ಲಿ ಹಿಂದೆ ಬೀಳುವ ಹುಡುಗನಿಗೆ ಹಿರಿಯರನ್ನು ಮಾತಾಡಿಸುವ ಜಾಣ್ಮೆ ಇರಬಹುದು, ಸದಾ ಮೌನವಾಗಿರುವ ಹುಡುಗಿಗೆ ಚಿಕ್ಕ ವ್ಯತ್ಯಾಸವನ್ನೂ ಗುರುತಿಸುವ ತಾಳ್ಮೆ ಇರಬಹುದು. ಎಂದಿನ ಪಾಠದಲ್ಲಿ ಅದಕ್ಕೆ ಜಾಗ ಸಿಗುವುದಿಲ್ಲ. ಇಲ್ಲಿ ಅದಿಲ್ಲದೆ ಕೆಲಸವೇ ಸಾಗುವುದಿಲ್ಲ.

ಇದು ಬರೀ ಭಾವನೆಯ ಮಾತೂ ಅಲ್ಲ. ಸೇವಾ ಕಲಿಕೆಯ ಬಗ್ಗೆ ನಡೆದ 62 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ ವಿಶ್ಲೇಷಣೆಯೊಂದು 2011ರಲ್ಲಿ ಪ್ರಕಟವಾಯಿತು. ಶಾಲೆ, ಕಾಲೇಜು ಎರಡೂ ಸೇರಿ 11,837 ವಿದ್ಯಾರ್ಥಿಗಳು ಅದರ ವ್ಯಾಪ್ತಿಯಲ್ಲಿದ್ದರು. ತಮ್ಮ ಬಗೆಗಿನ ನೋಟ, ಶಾಲೆ ಮತ್ತು ಕಲಿಕೆಯ ಬಗೆಗಿನ ಮನೋಭಾವ, ನಾಗರಿಕ ಆಸಕ್ತಿ, ಇತರರೊಂದಿಗೆ ಬೆರೆಯುವ ಕೌಶಲ, ಓದಿನ ಸಾಧನೆ ಈ ಐದರಲ್ಲೂ ಇತರರಿಗೆ ಹೋಲಿಸಿದರೆ ಸೇವಾ ಕಲಿಕೆಯಲ್ಲಿ ತೊಡಗಿದವರು ಮುಂದಿದ್ದರು. ಅಂತರ ಭಾರಿಯಲ್ಲ, ಆದರೆ ಸ್ಪಷ್ಟ. ಪಠ್ಯದೊಂದಿಗೆ ನಂಟು, ಮಕ್ಕಳ ಮಾತಿಗೆ ಬೆಲೆ, ಸಮುದಾಯದ ಪಾಲುದಾರಿಕೆ, ಮನನ ಇವುಗಳನ್ನು ಪಾಲಿಸಿದ ಕಡೆ ಫಲ ಹೆಚ್ಚಾಗಿ ಕಂಡಿತು.

ಊರಿಗೆ ಸಿಗುವುದೇನು

ಕಣ್ಣಿಗೆ ಕಾಣುವ ಲಾಭ ಮೊದಲು ನೆನಪಾಗುತ್ತದೆ: ಅಂಕಿ ಅಂಶ, ಬರಹ, ದುಡಿಯುವ ಕೈಗಳು. ಮೂರನೇ ತರಗತಿಯ ಮಕ್ಕಳೂ ಸೋರುವ ನಲ್ಲಿಯ ಕೆಳಗೆ ಕೂತು ಹನಿ ಎಣಿಸಬಲ್ಲರು. ಸೆಕೆಂಡಿಗೆ ಒಂದು ಹನಿಯಂತೆ ದಿನಕ್ಕೆ 86,400 ಹನಿ. ಸುಮಾರು 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ ದಿನಕ್ಕೆ ನಾಲ್ಕು ಲೀಟರಿಗೂ ಹೆಚ್ಚು, ವರ್ಷಕ್ಕೆ ಸಾವಿರದೈನೂರು ಲೀಟರ್ ದಾಟುತ್ತದೆ. ಇಂಥ ನಲ್ಲಿಗಳು ಎಲ್ಲೆಲ್ಲಿವೆ ಎಂದು ನಕ್ಷೆ ಬರೆದರೆ ರಿಪೇರಿ ಮಾಡುವವರಿಗೆ ದಾರಿ ಸಿದ್ಧ. ಭಾಷೆಯ ತರಗತಿ ಕ್ಲಿಷ್ಟವಾದ ಅರ್ಜಿ ನಮೂನೆಯೊಂದಕ್ಕೆ ಸರಳ ಕೈಪಿಡಿ ಬರೆಯಬಹುದು. ಇತಿಹಾಸದ ತರಗತಿ ಹಿರಿಯರ ನೆನಪುಗಳನ್ನು ಅವರ ಒಪ್ಪಿಗೆ ಪಡೆದು ದಾಖಲಿಸಿಡಬಹುದು.

ಕಣ್ಣಿಗೆ ಕಾಣದ ಲಾಭವೂ ಇದೆ. ಶಾಲೆಯ ಗೋಡೆಯಾಚೆ ಇದ್ದ ಅಜ್ಜಿ ಈಗ ತರಗತಿಗೆ ವಿಷಯ ಗೊತ್ತಿರುವ ತಜ್ಞೆ. ಆ ರಸ್ತೆಯನ್ನು ಅವರಷ್ಟು ಬಲ್ಲವರು ಇನ್ನಿಲ್ಲ. ಒಂದೇ ರಸ್ತೆಯ ಎರಡು ಬದಿಯಲ್ಲಿದ್ದೂ ಪರಿಚಯವಿಲ್ಲದವರು ಒಬ್ಬರನ್ನೊಬ್ಬರು ಹೆಸರಿನಿಂದ ಕರೆಯತೊಡಗುತ್ತಾರೆ. ಮುಂದೊಂದು ದಿನ ಬೇರಾವುದೋ ಕಷ್ಟ ಬಂದಾಗ ಈ ಪರಿಚಯ ಕೈಹಿಡಿಯುತ್ತದೆ. ಒಂದು ಮಾತು ಇಲ್ಲಿ ಹೇಳಲೇಬೇಕು: ಸಂಶೋಧನೆಗಳು ಮಕ್ಕಳಿಗೆ ಆದ ಲಾಭವನ್ನು ಅಳೆದಷ್ಟು ಊರಿಗೆ ಆದ ಲಾಭವನ್ನು ಅಳೆದಿಲ್ಲ. ಆದ್ದರಿಂದ ಪ್ರತಿ ಯೋಜನೆಯೂ ಕೊನೆಯಲ್ಲಿ ಆ ಜನರನ್ನೇ ಕೇಳಬೇಕು, ನಿಮಗೆ ಉಪಯೋಗವಾಯಿತೇ ಎಂದು.

ಎಡವುವ ಜಾಗಗಳು

ಮೊದಲನೆಯದು ಗಂಟೆಗಳ ಲೆಕ್ಕ. ಕೆನಡಾದ ಒಂಟಾರಿಯೊ ಪ್ರಾಂತ್ಯ 1999ರಿಂದ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ 40 ಗಂಟೆಗಳ ಸಮುದಾಯ ಕೆಲಸವನ್ನು ಕಡ್ಡಾಯ ಮಾಡಿದೆ. ಅದನ್ನು ಪಾಠಕ್ಕೆ ಜೋಡಿಸಲೇಬೇಕು ಎಂದಿಲ್ಲ. ಅದು ಸ್ವಯಂಸೇವೆಯ ರೂಢಿ ಬೆಳೆಸುವ ಬೇರೆಯೇ ಉದ್ದೇಶದ ನಿಯಮ, ಅದಕ್ಕೂ ಅದರದೇ ಬೆಲೆಯಿದೆ. ಆದರೆ ಗಂಟೆ ತುಂಬಿಸಿದ ಮಾತ್ರಕ್ಕೆ ಸೇವಾ ಕಲಿಕೆ ಆಗುವುದಿಲ್ಲ. ಸೇವೆಯನ್ನು ಕಡ್ಡಾಯ ಮಾಡಬಹುದೇ ಎಂಬ ಚರ್ಚೆಯೂ ಮುಗಿದಿಲ್ಲ. ಒತ್ತಾಯದಿಂದ ಮನಸ್ಸು ಮುರಿಯುತ್ತದೆ ಎನ್ನುವವರಿದ್ದಾರೆ. ಕಡ್ಡಾಯವಾಗದಿದ್ದರೆ ಅವಕಾಶ ಕೆಲವರಿಗಷ್ಟೇ ಸಿಗುತ್ತದೆ ಎನ್ನುವವರೂ ಇದ್ದಾರೆ. ಯಾವ ಕೆಲಸ ಎಂಬುದನ್ನು ಮಕ್ಕಳ ಆಯ್ಕೆಗೆ ಬಿಡುವುದು ಹಲವು ಶಾಲೆಗಳು ಕಂಡುಕೊಂಡ ನಡುದಾರಿ.

ಎರಡನೆಯದು ಇನ್ನೂ ಸೂಕ್ಷ್ಮ. ‘ನಾವು ಕೊಡುವವರು, ಅವರು ಪಡೆಯುವವರು’ ಎಂಬ ಭಾವ ಮಕ್ಕಳಲ್ಲಿ ಬೇರೂರಿದರೆ ಡ್ಯೂಯಿ ಎಚ್ಚರಿಸಿದ ತಪ್ಪು ಪಾಠ ಕಲಿಸಿದಂತೆಯೇ. ಕಷ್ಟದಲ್ಲಿರುವವರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವುದು ಅದರ ಮೊದಲ ಲಕ್ಷಣ. ಇಂಥದ್ದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಸುರಕ್ಷತೆ, ಹೆತ್ತವರ ಒಪ್ಪಿಗೆ, ಜೊತೆಗೆ ದೊಡ್ಡವರು ಇರುವುದು ಇವು ಚರ್ಚೆಗೆ ಎಡೆಯೇ ಇಲ್ಲದ ನಿಯಮಗಳು. ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸವನ್ನು ಮಕ್ಕಳ ಕೈಯಲ್ಲಿ ಪುಕ್ಕಟೆ ಮಾಡಿಸುವುದೂ ಸಲ್ಲದು.

ಸಹಿ ಹಾಕುವ ಮೊದಲು

ಅಂಕದ ಪ್ರಶ್ನೆಗೆ ಉತ್ತರ ಹೀಗಿದೆ: ಅಂಕ ಕೊಡುವುದು ಕಲಿಕೆಗೆ, ಸೇವೆಗಲ್ಲ. ಎಷ್ಟು ಗಂಟೆ ನಿಂತರು, ಎಷ್ಟು ಒಳ್ಳೆಯವರು ಎಂದು ಅಳೆಯುವುದಿಲ್ಲ. ವೇಗದ ಲೆಕ್ಕ ಸರಿಯೇ, ಮನವಿಯ ವಾದ ಗಟ್ಟಿಯೇ, ದಿನಚರಿಯಲ್ಲಿ ಯೋಚನೆ ಬೆಳೆದಿದೆಯೇ ಎಂದು ನೋಡುತ್ತಾರೆ. ಮನವಿಗೆ ಉತ್ತರ ಬಾರದೆ ಹೋದರೂ ಮಗುವಿನ ಅಂಕ ಕಡಿಮೆಯಾಗಬೇಕಿಲ್ಲ. ಏಕೆ ಬರಲಿಲ್ಲ ಎಂದು ಹುಡುಕುವುದು ಮುಂದಿನ ಪಾಠ.

ಆ ಚೀಟಿ ಕೈಯಲ್ಲಿರುವಾಗ ಶಿಕ್ಷಕರನ್ನು ಕೆಲವು ಮಾತು ಕೇಳಬಹುದು. ಇದು ಯಾವ ಪಾಠಕ್ಕೆ ಸೇರಿದ್ದು? ಈ ಕೆಲಸ ಬೇಕು ಎಂದು ಹೇಳಿದವರು ಯಾರು, ಅವರನ್ನು ಮಕ್ಕಳು ಭೇಟಿಯಾಗುತ್ತಾರೆಯೇ? ಮನನಕ್ಕೆ ವಾರದಲ್ಲಿ ಎಷ್ಟು ಹೊತ್ತು ಇಟ್ಟಿದ್ದೀರಿ? ಯೋಜನೆ ಮುಗಿದ ಮೇಲೆ ಅದನ್ನು ಯಾರು ನೋಡಿಕೊಳ್ಳುತ್ತಾರೆ?

ಕೊನೆಯ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ರಸ್ತೆಯ ನಡುವೆ ಕಟ್ಟೆ ಕಟ್ಟಿದರೂ ಅದು ಕೆಲಸ ಮಾಡುತ್ತಿದೆಯೇ ಎಂದು ತಿಳಿಯಬೇಕಾದರೆ ಮತ್ತೆ ಅಳೆಯಬೇಕು. ಆ ಹೊತ್ತಿಗೆ ಎಂಟನೇ ತರಗತಿಯವರು ಒಂಬತ್ತಕ್ಕೆ ಹೋಗಿರುತ್ತಾರೆ. ಹಳೆಯ ದಿನಚರಿಯನ್ನೂ ಸ್ಟಾಪ್‌ವಾಚನ್ನೂ ಅವರು ಮುಂದಿನ ತಂಡದ ಕೈಗೆ ಕೊಟ್ಟು, ಅಜ್ಜಿಯ ಮನೆ ಯಾವುದು ಎಂದು ತೋರಿಸಿ ಬರಬೇಕು.